ಕಂಪ್ಯೂಟರಿನ ಫೋಟೊ, ಹಾಡು ಟಿವಿಗೆ ಬರುತ್ತಿಲ್ಲವೆ? ದೋಷ ಹುಡುಕುವ ಕೈಪಿಡಿ

ಕೋಣೆಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಫೋಟೊಗಳಿವೆ, ಸಿಡಿಗಳಿಂದ ಇಳಿಸಿಕೊಂಡ ಹಾಡುಗಳಿವೆ. ಹಾಲ್‌ನಲ್ಲಿ ಸ್ಮಾರ್ಟ್ ಟಿವಿ ಇದೆ, ಅದಕ್ಕೊಂದು ಹೋಮ್ ಥಿಯೇಟರ್ ಇದೆ. ಎಲ್ಲಕ್ಕೂ ಮನೆಯ ವೈಫೈ ಸಿಗುತ್ತಿದೆ, ಆದರೆ ಇಲ್ಲಿಂದ ಅಲ್ಲಿಗೆ ಏನೂ ಹೋಗುತ್ತಿಲ್ಲ. ಈ ಕೈಪಿಡಿ ಅಂಥ ಮನೆಗೆ. ಕಂಪ್ಯೂಟರಿನಲ್ಲಿ ವಿಂಡೋಸ್ 10 ಅಥವಾ 11 ಇದೆ ಎಂದು ಇಟ್ಟುಕೊಂಡು ಬರೆದಿದೆ.

ಈ ಕೆಲಸ ಮಾಡುವ ವ್ಯವಸ್ಥೆಯ ಹೆಸರು ಡಿಎಲ್‌ಎನ್‌ಎ. 2003ರಲ್ಲಿ ಕಂಪನಿಗಳು ಸೇರಿ ಕಟ್ಟಿದ ಅದೇ ಹೆಸರಿನ ಒಕ್ಕೂಟ 2017ರಲ್ಲಿ ಮುಚ್ಚಿಹೋಯಿತು. ಅದು ಮಾಡಿಟ್ಟ ಪದ್ಧತಿ ಮಾತ್ರ ಇವತ್ತಿಗೂ ಎಷ್ಟೋ ಟಿವಿ, ರಿಸೀವರ್‌ಗಳ (ಹೋಮ್ ಥಿಯೇಟರಿನ ಮುಖ್ಯ ಪೆಟ್ಟಿಗೆ) ಒಳಗಿದೆ. ಟಿವಿಯ ಸೋರ್ಸ್ ಪಟ್ಟಿಯಲ್ಲಿ ಅದು ‘ಮೀಡಿಯಾ ಸರ್ವರ್’, ‘ನೆಟ್‌ವರ್ಕ್’, ‘ಮೀಡಿಯಾ ಪ್ಲೇಯರ್’ ಎಂಬಂಥ ಹೆಸರಿನಲ್ಲಿ ಕೂತಿರುತ್ತದೆ. ಆಂಡ್ರಾಯ್ಡ್ ಟಿವಿ, ಗೂಗಲ್ ಟಿವಿಗಳಲ್ಲಿ ಅಂಥದ್ದು ಕಾಣದಿದ್ದರೆ ಪ್ಲೇ ಸ್ಟೋರ್‌ನಿಂದ ವಿಎಲ್‌ಸಿ ಎಂಬ ಪ್ಲೇಯರ್ ಆ್ಯಪ್ ಹಾಕಿಕೊಳ್ಳಿ, ಅದು ಉಚಿತ.

ಕಂಪ್ಯೂಟರ್ ಫೈಲನ್ನು ಕೊಡುತ್ತದೆ, ರೌಟರ್ ಸಾಗಿಸುತ್ತದೆ, ಟಿವಿ ಅದನ್ನು ಬಿಡಿಸಿ ತೋರಿಸುತ್ತದೆ. ಕೆಟ್ಟಿರುವುದು ಈ ಮೂರರಲ್ಲಿ ಒಂದು. ಯಾವುದು ಎಂದು ತಿಳಿಯುವ ಮೊದಲೇ ಮೂರರ ಸೆಟ್ಟಿಂಗನ್ನೂ ಕೆದಕಿದರೆ, ಇದ್ದ ಒಂದು ದೋಷದ ಜೊತೆಗೆ ನಾವೇ ಎರಡು ಹೊಸದನ್ನು ಸೇರಿಸಿದ ಹಾಗೆ.

ಯಾವುದಕ್ಕೂ ಮೊದಲು: ಒಂದು ಫೋನು, ಒಂದು ಪೆನ್‌ಡ್ರೈವ್

ಫೋನಿನಲ್ಲಿ ವಿಎಲ್‌ಸಿ ಹಾಕಿ, ಮನೆಯ ವೈಫೈಗೆ ಸೇರಿಸಿ, ಅದರಲ್ಲಿ ಲೋಕಲ್ ನೆಟ್‌ವರ್ಕ್ ವಿಭಾಗ ತೆರೆಯಿರಿ. ಅರ್ಧ ನಿಮಿಷ ಕಾಯಿರಿ. ಕಂಪ್ಯೂಟರಿನ ಹೆಸರು ಅಲ್ಲಿ ಬಂದು ಹಾಡು ಓಡಿದರೆ ಕಂಪ್ಯೂಟರ್ ಸರಿಯಾಗಿದೆ, ಹುಡುಕಬೇಕಾದದ್ದು ಟಿವಿಯಲ್ಲಿ ಅಥವಾ ಟಿವಿಯವರೆಗಿನ ದಾರಿಯಲ್ಲಿ. ಫೋನಿಗೂ ಕಾಣದಿದ್ದರೆ ಟಿವಿಯನ್ನು ಸದ್ಯಕ್ಕೆ ಮರೆತುಬಿಡಿ. ಐಫೋನ್ ಆದರೆ, ವಿಎಲ್‌ಸಿ ಲೋಕಲ್ ನೆಟ್‌ವರ್ಕ್ ಅನುಮತಿ ಕೇಳಿದಾಗ ಒಪ್ಪಿಗೆ ಕೊಟ್ಟಿರಬೇಕು. ಇಲ್ಲದಿದ್ದರೆ ಪರೀಕ್ಷೆಯೇ ಸುಳ್ಳು ಹೇಳುತ್ತದೆ.

ಎರಡನೆಯದು ಪೆನ್‌ಡ್ರೈವ್. ತೆರೆಯದ ಫೋಟೊವನ್ನೋ ಹಾಡನ್ನೋ ಅದಕ್ಕೆ ನಕಲು ಮಾಡಿ ಟಿವಿಯ ಯುಎಸ್‌ಬಿ ಕಿಂಡಿಗೆ ಹಾಕಿ. ಅಲ್ಲೂ ತೆರೆಯದಿದ್ದರೆ ಟಿವಿಗೆ ಆ ಫೈಲಿನ ಬಗೆಯೇ ಗೊತ್ತಿಲ್ಲ. ವೈಫೈಯನ್ನು ಬೈದು ಪ್ರಯೋಜನವಿಲ್ಲ.

ಲಕ್ಷಣ: ಟಿವಿಯ ಪಟ್ಟಿಯಲ್ಲಿ ಕಂಪ್ಯೂಟರಿನ ಹೆಸರೇ ಇಲ್ಲ

ಹೆಚ್ಚಿನ ಮನೆಗಳ ದೂರು ಇದೇ. ಖರ್ಚಿಲ್ಲದ ಕಾರಣಗಳೇ ಇಲ್ಲಿ ಜಾಸ್ತಿ, ಹಾಗಾಗಿ ಕೆಳಗಿನ ಕ್ರಮದಲ್ಲೇ ಹೋಗಿ.

ಕಂಪ್ಯೂಟರ್ ಎಚ್ಚರವಾಗಿದೆಯೇ ನೋಡಿ. ಪರದೆ ಕಪ್ಪಾಗಿದ್ದರೆ ತೊಂದರೆಯಿಲ್ಲ, ಸ್ಲೀಪ್‌ಗೆ ಹೋಗಿದ್ದರೆ ಅದು ಯಾರ ಕರೆಗೂ ಓಗೊಡುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಳ ಹಾಕಿದರೂ ಅಷ್ಟೇ. ಪವರ್ ಸೆಟ್ಟಿಂಗಿನಲ್ಲಿ, ಚಾರ್ಜರ್ ಹಾಕಿರುವಾಗ ಸ್ಲೀಪ್ ‘ನೆವರ್’ ಎಂದು ಮಾಡಿ.

ಆಮೇಲೆ ವಿಪಿಎನ್, ಅಂದರೆ ಸಂಪರ್ಕವನ್ನು ಬೇರೊಂದು ಖಾಸಗಿ ದಾರಿಯಲ್ಲಿ ಸಾಗಿಸುವ ತಂತ್ರಾಂಶ. ಆಫೀಸಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ಸದಾ ಓಡುತ್ತಿರುತ್ತದೆ, ಮನೆಯ ಒಳಗಿನ ಸಂಪರ್ಕವನ್ನೂ ಎಷ್ಟೋ ಸಲ ತಡೆಯುತ್ತದೆ. ಸ್ವಂತ ಯಂತ್ರವಾದರೆ ನಿಲ್ಲಿಸಿ ನೋಡಿ. ಆಫೀಸಿನದಾದರೆ ಅದರ ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವ ಕಾವಲು), ವಿಪಿಎನ್ ತಂಟೆಗೆ ಹೋಗಬೇಡಿ. ಹಾಡಿಗೆ ಬೇರೆ ಯಂತ್ರ ನೋಡಿಕೊಳ್ಳಿ.

ಮೂರನೆಯದು ವಿಂಡೋಸ್ ನಿಮ್ಮ ಮನೆಯ ವೈಫೈಯನ್ನು ಏನೆಂದು ಎಣಿಸಿದೆ ಎಂಬುದು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ವೈಫೈಯ ಪ್ರಾಪರ್ಟೀಸ್ ತೆರೆಯಿರಿ. ‘ಪಬ್ಲಿಕ್’ ಎಂದಿದ್ದರೆ ವಿಂಡೋಸ್ ಮಟ್ಟಿಗೆ ನಿಮ್ಮ ಹಾಲ್ ಬಸ್‌ಸ್ಟ್ಯಾಂಡಿಗೆ ಸಮ, ಕಂಪ್ಯೂಟರ್ ತನ್ನನ್ನು ತಾನು ಬಚ್ಚಿಟ್ಟುಕೊಳ್ಳುತ್ತದೆ. ‘ಪ್ರೈವೇಟ್’ ಮಾಡಿ. ಹೊಸ ರೌಟರ್ ಹಾಕಿಸಿದ ದಿನದಿಂದ ಟಿವಿಯಲ್ಲಿ ಹೆಸರು ನಾಪತ್ತೆಯಾಗಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಹೋಟೆಲು, ಹಾಸ್ಟೆಲು, ಪಿಜಿಯ ವೈಫೈಯಲ್ಲಿ ಮಾತ್ರ ಪಬ್ಲಿಕ್ ಆಗಿಯೇ ಇರಬೇಕು.

ಈಗ ಹಂಚಿಕೆ ಶುರುವಾಗಿದೆಯೇ ನೋಡಿ. ಕಂಟ್ರೋಲ್ ಪ್ಯಾನೆಲ್ ತೆರೆದು ನೆಟ್‌ವರ್ಕ್ ಆ್ಯಂಡ್ ಶೇರಿಂಗ್ ಸೆಂಟರ್‌ಗೆ ಹೋದರೆ ಎಡಬದಿಯಲ್ಲಿ ‘ಮೀಡಿಯಾ ಸ್ಟ್ರೀಮಿಂಗ್ ಆಪ್ಷನ್ಸ್’ ಇರುತ್ತದೆ. ಅದನ್ನು ಆನ್ ಮಾಡಿ. ಕೆಳಗೆ ಮನೆಯ ಸಾಧನಗಳ ಪಟ್ಟಿ ಬರುತ್ತದೆ. ಟಿವಿಯ ಹೆಸರಿನ ಎದುರು ‘ಬ್ಲಾಕ್ಡ್’ ಎಂದಿದ್ದರೆ ‘ಅಲೌಡ್’ ಮಾಡಿ. ಆ ಪಟ್ಟಿಯಲ್ಲಿ ಟಿವಿ ಕಾಣಿಸಿತು ಎಂದರೆ ದಾರಿ ತೆರೆದಿದೆ, ಬಾಗಿಲಿಗೆ ಮಾತ್ರ ಬೀಗವಿತ್ತು ಎಂದರ್ಥ. ಯುರೋಪಿನಲ್ಲಿ ಕೊಂಡ ಕೆಲವು ಕಂಪ್ಯೂಟರ್‌ಗಳಲ್ಲಿ ವಿಂಡೋಸಿನ ‘ಎನ್’ ಆವೃತ್ತಿ ಇರುತ್ತದೆ, ಅದರಲ್ಲಿ ಮೀಡಿಯಾದ ಭಾಗವನ್ನೇ ತೆಗೆದಿರುತ್ತಾರೆ. ಜರ್ಮನಿಯಿಂದಲೋ ನೆದರ್ಲೆಂಡ್ಸ್‌ನಿಂದಲೋ ಲ್ಯಾಪ್‌ಟಾಪ್ ತಂದವರು ಮೊದಲು ಆಪ್ಷನಲ್ ಫೀಚರ್ಸ್‌ನಿಂದ ಮೀಡಿಯಾ ಫೀಚರ್ ಪ್ಯಾಕ್ ಸೇರಿಸಬೇಕು.

ಇಷ್ಟಾದರೂ ಇಲ್ಲವೆಂದರೆ ದಾರಿಯ ಕಡೆ ಹೊರಳಿ. ಟಿವಿಯ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಸಾಧನವನ್ನು ಗುರುತಿಸುವ ಅಂಕಿ) ನೋಡಿ ಬರೆದುಕೊಳ್ಳಿ, ಕಂಪ್ಯೂಟರಿನದನ್ನೂ ಬರೆದುಕೊಳ್ಳಿ. ಒಂದು 192.168.1.7, ಇನ್ನೊಂದು 192.168.1.12 ಎಂಬಂತೆ ಮೊದಲ ಮೂರು ತುಂಡು ಒಂದೇ ಇದ್ದರೆ ಸರಿ. ಒಂದು 192.168.1, ಇನ್ನೊಂದು 192.168.0 ಎಂದು ಬೇರೆಯಾಗಿದ್ದರೆ ಕಳ್ಳ ಸಿಕ್ಕ. 169.254ರಿಂದ ಶುರುವಾದರೆ ಆ ಸಾಧನಕ್ಕೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ, ಅದನ್ನು ಮತ್ತೆ ವೈಫೈಗೆ ಸೇರಿಸಿ.

ವಿಳಾಸ ಬೇರೆಬೇರೆ ಆಗುವುದು ಹೀಗೆ. ಇಂಟರ್‌ನೆಟ್ ಕಂಪನಿಯವರು ಫೈಬರ್ ಬಾಕ್ಸ್ ಹಾಕಿ ಹೋಗುತ್ತಾರೆ, ಅದರಲ್ಲೇ ಒಂದು ವೈಫೈ ಇರುತ್ತದೆ. ಸಿಗ್ನಲ್ ಸಾಲದೆಂದು ನಾವು ಇನ್ನೊಂದು ರೌಟರ್ ತಂದು ಅದರ ಹಿಂದೆ ಕಟ್ಟುತ್ತೇವೆ. ಟಿವಿ ಫೈಬರ್ ಬಾಕ್ಸಿನ ವೈಫೈಯಲ್ಲಿ, ಕಂಪ್ಯೂಟರ್ ಹೊಸ ರೌಟರಿನಲ್ಲಿ. ಇಂಟರ್‌ನೆಟ್ ಎರಡಕ್ಕೂ ಬರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ, ಆದರೆ ಆ ಎರಡರ ನಡುವೆ ಗೋಡೆಯಿದೆ. ಕಂಪ್ಯೂಟರ್ ‘ನಾನಿಲ್ಲಿದ್ದೇನೆ’ ಎಂದು ಕೂಗುವುದು 239.255.255.250 ಎಂಬ ಸಾಮೂಹಿಕ ವಿಳಾಸಕ್ಕೆ, 1900ನೇ ಪೋರ್ಟಿನಲ್ಲಿ. ಆ ಕೂಗು ರೌಟರಿನ ಗೋಡೆ ದಾಟುವುದಿಲ್ಲ.

ಅಗ್ಗದ ಪರಿಹಾರ, ಎರಡನ್ನೂ ಒಂದೇ ವೈಫೈಗೆ ಸೇರಿಸುವುದು. ಶಾಶ್ವತ ಪರಿಹಾರ, ಹೊಸ ರೌಟರನ್ನು ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ಗೆ ಹಾಕುವುದು, ಆಗ ಅದು ಗೋಡೆ ಕಟ್ಟದೆ ಬರೀ ವೈಫೈ ಹರಡುತ್ತದೆ. ಆ ಆಯ್ಕೆ ಇಲ್ಲದ ಹಳೆಯ ರೌಟರ್ ಆದರೆ ಅದರ ವಿಳಾಸವನ್ನು ಫೈಬರ್ ಬಾಕ್ಸಿನ ಸಾಲಿಗೇ ಬದಲಿಸಿ (ಬಾಕ್ಸ್ 192.168.1.1 ಆದರೆ ಇದು 192.168.1.2), ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಕೇಬಲನ್ನು ವ್ಯಾನ್ (ಇಂಟರ್‌ನೆಟ್ ಬರುವ) ಕಿಂಡಿಯಿಂದ ಕಿತ್ತು ಲ್ಯಾನ್ (ಮನೆಯ ಸಾಧನಗಳ) ಕಿಂಡಿಗೆ ಹಾಕಿ. ಈ ಕ್ರಮ ತಪ್ಪಿದರೆ ಇಡೀ ಮನೆಯ ಇಂಟರ್‌ನೆಟ್ ನಿಲ್ಲುತ್ತದೆ. ಕೈ ಹಿಡಿಯದಿದ್ದರೆ ತಿಳಿದವರನ್ನು ಕರೆಯಿರಿ. ಫೈಬರ್ ಬಾಕ್ಸಿನ ಹಿಂದಿನ ಸಣ್ಣ ರೀಸೆಟ್ ತೂತಿಗೆ ಪಿನ್ ಚುಚ್ಚುವುದು ಮಾತ್ರ ಬೇಡವೇ ಬೇಡ. ಕಂಪನಿಯವರು ತುಂಬಿಸಿದ ಲಾಗಿನ್ ಅಳಿಸಿಹೋಗಬಹುದು, ಆಮೇಲೆ ಅವರು ಬರುವವರೆಗೂ ಕಾಯಬೇಕು. ಬಾಕ್ಸಿಗೆ ಬರುವ ತೆಳು ಫೈಬರ್ ತಂತಿಯನ್ನು ಬಿಚ್ಚಬೇಡಿ, ಬಿಚ್ಚಿದ್ದರೆ ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಒಳಗೆ ಕಣ್ಣಿಗೆ ಕಾಣದ ಲೇಸರ್ ಬೆಳಕಿರುತ್ತದೆ.

ಗೆಸ್ಟ್ ವೈಫೈಯಲ್ಲೂ ಇದೇ ಗೋಡೆ ಇರುತ್ತದೆ, ಅದು ಬೇಕೆಂದೇ ಕಟ್ಟಿದ್ದು. ಕೆಲವು ರೌಟರ್‌ಗಳ ಮಾಮೂಲಿ ವೈಫೈಯಲ್ಲೂ ‘ಎಪಿ ಐಸೊಲೇಷನ್’ ಅಥವಾ ‘ಕ್ಲೈಂಟ್ ಐಸೊಲೇಷನ್’ ಎಂಬ ಆಯ್ಕೆ ಆನ್ ಆಗಿರುತ್ತದೆ. ಅದನ್ನು ಆಫ್ ಮಾಡಿ.

ಆಂಟಿವೈರಸ್‌ನ ಸ್ವಂತ ಫೈರ್‌ವಾಲ್ ಕೊನೆಯ ಶಂಕಿತ. ಐದು ನಿಮಿಷ ನಿಲ್ಲಿಸಿ ಫೋನಿನ ವಿಎಲ್‌ಸಿಯಲ್ಲಿ ನೋಡಿ. ಹೆಸರು ಬಂದರೆ ಫೈರ್‌ವಾಲನ್ನು ಮತ್ತೆ ಆನ್ ಮಾಡಿ, ಅದರಲ್ಲಿ ಮನೆಯ ನೆಟ್‌ವರ್ಕನ್ನು ‘ಟ್ರಸ್ಟೆಡ್’ ಎಂದು ಗುರುತಿಸಿ. ಆಫ್ ಮಾಡಿಯೇ ಬಿಟ್ಟುಬಿಡುವುದು ಪರಿಹಾರವಲ್ಲ.

ಲಕ್ಷಣ: ಹೆಸರು ಬರುತ್ತದೆ, ಸ್ವಲ್ಪ ಹೊತ್ತಿಗೆ ಮಾಯವಾಗುತ್ತದೆ

ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ ಕೂಡಲೇ ಟಿವಿಯಲ್ಲಿ ಹೆಸರು ಬಂದು, ಹತ್ತು ನಿಮಿಷಕ್ಕೋ ಅರ್ಧ ಗಂಟೆಗೋ ಕಾಣೆಯಾದರೆ ಅದೊಂದು ಒಳ್ಳೆಯ ಸುಳಿವು. ಕಂಪ್ಯೂಟರ್ ಏಳುವಾಗ ಒಮ್ಮೆ ಕೂಗಿ ಹೇಳುತ್ತದೆ, ಆ ಘೋಷಣೆಗೆ ಸಾಮಾನ್ಯವಾಗಿ 1800 ಸೆಕೆಂಡಿನ ಆಯಸ್ಸು. ಆಮೇಲಿನ ಕೂಗುಗಳು ಟಿವಿಗೆ ತಲುಪುತ್ತಿಲ್ಲ. ಹಾಗಾಗಿ ಕಂಪ್ಯೂಟರ್ ಸ್ಲೀಪ್ ಆಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ನೇರ ರೌಟರಿಗೆ ಬನ್ನಿ.

ರೌಟರಿನ ‘ಐಜಿಎಂಪಿ ಸ್ನೂಪಿಂಗ್’ ಆಯ್ಕೆ ಈ ಸಾಮೂಹಿಕ ಕೂಗುಗಳನ್ನು ಸೋಸುತ್ತದೆ, ಸರಿಯಾಗಿ ಬರೆಯದ ಫರ್ಮ್‌ವೇರ್‌ನಲ್ಲಿ (ರೌಟರಿನ ಒಳಗಿನ ತಂತ್ರಾಂಶ) ಬೇಕಾದದ್ದನ್ನೂ ಸೋಸಿಬಿಡುತ್ತದೆ. ಆಫ್ ಮಾಡಿ ಒಂದು ದಿನ ನೋಡಿ. ಇಂಟರ್‌ನೆಟ್ ಕಂಪನಿಯ ಐಪಿಟಿವಿ ಬಾಕ್ಸ್ (ಅದೇ ಸಂಪರ್ಕದಲ್ಲಿ ಟಿವಿ ಚಾನೆಲ್ ತರುವ ಪೆಟ್ಟಿಗೆ) ಮನೆಯಲ್ಲಿದ್ದರೆ ಅದಕ್ಕೆ ಈ ಆಯ್ಕೆ ಬೇಕಾಗಬಹುದು, ಚಾನೆಲ್ ತಡವರಿಸಿದರೆ ವಾಪಸ್ ಆನ್ ಮಾಡಿ. ಟಿವಿ ವೈಫೈಯ 5 ಗಿಗಾಹರ್ಟ್ಸ್ ಬ್ಯಾಂಡಿನಲ್ಲೂ ಕಂಪ್ಯೂಟರ್ 2.4ರ ಬ್ಯಾಂಡಿನಲ್ಲೂ ಇದ್ದಾಗ ಮಾತ್ರ ಹೀಗಾಗುತ್ತಿದ್ದರೆ ಎರಡನ್ನೂ ಒಂದೇ ಬ್ಯಾಂಡಿಗೆ ತನ್ನಿ.

ಕರೆಂಟ್ ಹೋಗಿ ಬಂದ ಮೇಲೆಲ್ಲ ತೊಂದರೆ ಆಗುವ ಮನೆಗಳಿವೆ. ರೌಟರ್ ಏಳುವ ಮೊದಲೇ ಟಿವಿ ಎದ್ದಿರುತ್ತದೆ, ವಿಳಾಸಗಳೂ ಅದಲುಬದಲಾಗುತ್ತವೆ. ಮೊದಲು ಫೈಬರ್ ಬಾಕ್ಸ್ ಮತ್ತು ರೌಟರ್, ಎರಡು ನಿಮಿಷ ಬಿಟ್ಟು ಕಂಪ್ಯೂಟರ್, ಕೊನೆಗೆ ಟಿವಿ, ಹೀಗೆ ಆನ್ ಮಾಡಿ. ಟಿವಿಯನ್ನು ರಿಮೋಟಿನಲ್ಲಿ ಆರಿಸಿದರೆ ಸಾಲದು, ಗೋಡೆಯ ಸ್ವಿಚ್ಚನ್ನೇ ಆರಿಸಿ ಹಾಕಬೇಕು.

ಲಕ್ಷಣ: ಹೆಸರು ಇದೆ, ಒಳಗೆ ಖಾಲಿ

ವಿಂಡೋಸ್ ಹಂಚುವುದು ಮ್ಯೂಸಿಕ್, ಪಿಕ್ಚರ್ಸ್, ವಿಡಿಯೋಸ್ ಲೈಬ್ರರಿಗಳಲ್ಲಿ ಸೇರಿಸಿದ್ದನ್ನು ಮಾತ್ರ. ಫೋಟೊಗಳು ‘ಡಿ’ ಡ್ರೈವಿನಲ್ಲಿ ಬೇರೆ ಫೋಲ್ಡರಿನಲ್ಲಿದ್ದರೆ ಆ ಫೋಲ್ಡರನ್ನು ಲೈಬ್ರರಿಗೆ ಸೇರಿಸಿ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಆದರೆ ಇನ್ನೊಂದು ಕಿರಿಕಿರಿ: ನಿನ್ನೆ ‘ಇ’ ಎಂದಿದ್ದ ಅಕ್ಷರ ಇವತ್ತು ‘ಎಫ್’ ಆಗಿರುತ್ತದೆ, ಲೈಬ್ರರಿ ಹಳೆಯ ವಿಳಾಸಕ್ಕೇ ಹೋಗಿ ಬರಿಗೈಯಲ್ಲಿ ಬರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದಕ್ಕೆ ‘ಎಂ’ನಂಥ ದೂರದ ಅಕ್ಷರ ಕೊಟ್ಟುಬಿಡಿ.

ಫೈಲಿನ ಪಕ್ಕದಲ್ಲಿ ಮೋಡದ ಗುರುತು ಇದೆಯೇ? ಅಂದರೆ ಫೋಟೊ ನಿಮ್ಮ ಯಂತ್ರದಲ್ಲೇ ಇಲ್ಲ, ಒನ್‌ಡ್ರೈವ್‌ನಲ್ಲಿದೆ; ಇಲ್ಲಿರುವುದು ಬರೀ ಹೆಸರು. ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆರಿಸಿ.

ಆಗಷ್ಟೇ ಸಾವಿರಾರು ಫೋಟೊ ತುಂಬಿಸಿದ್ದರೆ ಪಟ್ಟಿ ತಯಾರಾಗಲು ಹೊತ್ತು ಹಿಡಿಯುತ್ತದೆ. ಒಂದು ರಾತ್ರಿ ಬಿಟ್ಟು ನೋಡಿ. ಆಗಲೂ ಖಾಲಿ ಇದ್ದರೆ ವಿಂಡೋಸಿನ ಸೇವೆಯ ಜೊತೆ ಗುದ್ದಾಡುವ ಬದಲು ಯೂನಿವರ್ಸಲ್ ಮೀಡಿಯಾ ಸರ್ವರ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳುವುದೇ ಜಾಣತನ. ಬೇಕಾದ ಫೋಲ್ಡರನ್ನು ನೇರವಾಗಿ ತೋರಿಸಬಹುದು. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಮಿನಿಡಿಎಲ್‌ಎನ್‌ಎ ಎಂಬ ತಂತ್ರಾಂಶ ಇಟ್ಟುಕೊಂಡವರು ಬ್ರೌಸರಿನಲ್ಲಿ ಆ ಯಂತ್ರದ ವಿಳಾಸದ ಕೊನೆಗೆ :8200 ಎಂದು ಪೋರ್ಟ್ ಹಾಕಿ ತೆರೆದರೆ ಎಷ್ಟು ಹಾಡು, ಎಷ್ಟು ಫೋಟೊ ಲೆಕ್ಕಕ್ಕೆ ಸಿಕ್ಕಿವೆ ಎಂದು ಕಾಣುತ್ತದೆ. ಅಲ್ಲಿ ಸೊನ್ನೆ ಇದ್ದರೆ ಫೋಲ್ಡರಿನ ದಾರಿ ತಪ್ಪಾಗಿದೆ, ಇಲ್ಲವೇ ಓದುವ ಅನುಮತಿ ಇಲ್ಲ.

ಲಕ್ಷಣ: ಕೆಲವು ಫೋಟೊ ತೆರೆಯುತ್ತವೆ, ಕೆಲವು ಇಲ್ಲ

ಇದು ಪೆನ್‌ಡ್ರೈವ್ ಪರೀಕ್ಷೆಯ ಜಾಗ. ಅಲ್ಲೂ ತೆರೆಯದ ಫೋಟೊಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಾಮಾನ್ಯವಾಗಿ ಒಂದೇ ಜಾತಿಯವಾಗಿರುತ್ತವೆ.

ಐಫೋನಿನವು ಮಾತ್ರ ತೆರೆಯುವುದಿಲ್ಲವೆಂದರೆ ಅವು ಎಚ್‌ಇಐಸಿ. 2017ರ ಐಒಎಸ್ 11ರಿಂದ ಈಚೆಗೆ ಐಫೋನ್ ಈ ಬಗೆಯಲ್ಲಿ ಉಳಿಸುತ್ತದೆ, ಬಹಳಷ್ಟು ಟಿವಿಗಳಿಗೆ ಅದು ತಿಳಿಯದು. ಮುಂದಿನ ಫೋಟೊಗಳಿಗೆ ಫೋನಿನ ಕ್ಯಾಮೆರಾ ಸೆಟ್ಟಿಂಗಿನ ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ.

ದೊಡ್ಡ ಕ್ಯಾಮೆರಾದವು ಮಾತ್ರ ಇಲ್ಲವೆಂದರೆ ಅಳತೆಯ ಸಮಸ್ಯೆ. ಡಿಎಲ್‌ಎನ್‌ಎ ದೊಡ್ಡ ಜೆಪೆಗ್‌ಗೆ ಹಾಕಿದ ಗಡಿ 4096 × 4096 ಪಿಕ್ಸೆಲ್. 12 ಮೆಗಾಪಿಕ್ಸೆಲ್‌ನ 4000 × 3000 ಅದರೊಳಗೆ ಹಿಡಿಸುತ್ತದೆ, 24 ಮೆಗಾಪಿಕ್ಸೆಲ್‌ನ 6000 × 4000 ಹಿಡಿಸುವುದಿಲ್ಲ. ಹೊಸ ಟಿವಿಗಳು ಗಡಿ ಮೀರಿದ್ದನ್ನೂ ತೋರಿಸುವುದುಂಟು, ಹಳೆಯವು ಬೂದು ಚೌಕ ತೋರಿಸಿ ಸುಮ್ಮನಾಗುತ್ತವೆ. 4ಕೆ ಟಿವಿಯ ಪರದೆಯೇ 3840 × 2160 ಆದ್ದರಿಂದ ಉದ್ದದ ಬದಿಯನ್ನು 3840ಕ್ಕೆ ಇಳಿಸಿದ ಫೋಟೊ ನೋಡುವುದಕ್ಕೆ ಧಾರಾಳ ಸಾಕು.

ಇಂಟರ್‌ನೆಟ್‌ನಿಂದ ಇಳಿಸಿದ್ದು, ಸ್ಟುಡಿಯೊದವರು ಕೊಟ್ಟದ್ದು ಮಾತ್ರ ತೆರೆಯದಿದ್ದರೆ ಅವು ‘ಪ್ರೋಗ್ರೆಸಿವ್’ (ಮಸುಕಿನಿಂದ ಹಂತಹಂತವಾಗಿ ತಿಳಿಯಾಗುವ) ಜೆಪೆಗ್ ಅಥವಾ ಅಚ್ಚಿಗೆಂದು ಮಾಡಿದ ಸಿಎಂವೈಕೆ ಬಣ್ಣದವು. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುವುದರಿಂದ ಇವು ತುಂಬ ಗೋಳುಹುಯ್ಯುತ್ತವೆ. ಮದುವೆ ಆಲ್ಬಮ್ಮಿನ ಫೈಲುಗಳಲ್ಲಿ ಎರಡನೆಯದನ್ನು ಶಂಕಿಸಿ.

ಎಲ್ಲಕ್ಕೂ ಮದ್ದು ಒಂದೇ. ಎಕ್ಸ್‌ಎನ್‌ಕನ್ವರ್ಟ್‌ನಂಥ ತಂತ್ರಾಂಶದಲ್ಲಿ ಇಡೀ ಫೋಲ್ಡರ್ ಹಾಕಿ, ಜೆಪೆಗ್, ಆರ್‌ಜಿಬಿ ಬಣ್ಣ, ಪ್ರೋಗ್ರೆಸಿವ್ ಅಲ್ಲ, ಉದ್ದ 3840, ಗುಣಮಟ್ಟ 90 ಎಂದು ಕೊಟ್ಟು ‘ಟಿವಿ ಫೋಟೊ’ ಎಂಬ ಹೊಸ ಫೋಲ್ಡರಿಗೆ ಪ್ರತಿ ತೆಗೆಯಿರಿ. ಮೂಲದ ಮೇಲೆ ಬರೆಯಬೇಡಿ, ಕಳೆದ ಪಿಕ್ಸೆಲ್ ಮತ್ತೆ ಬರುವುದಿಲ್ಲ. ಅಡ್ಡ ಮಲಗಿದ ಫೋಟೊಗಳೂ ಇದೇ ಸುತ್ತಿನಲ್ಲಿ ಸರಿಹೋಗುತ್ತವೆ. ಫೋನು ಚಿತ್ರವನ್ನು ತಿರುಗಿಸದೆ ‘ಹೀಗೆ ತಿರುಗಿಸಿ ತೋರಿಸಿ’ ಎಂದು ಫೈಲಿನೊಳಗಿನ ಎಕ್ಸಿಫ್ ಎಂಬ ಟಿಪ್ಪಣಿಯಲ್ಲಿ ಬರೆದಿರುತ್ತದೆ, ಟಿವಿ ಅದನ್ನು ಓದುವುದಿಲ್ಲ. ಎಕ್ಸಿಫ್ ನೋಡಿ ತಿರುಗಿಸುವ ಆಯ್ಕೆಯನ್ನೂ ಸೇರಿಸಿದರಾಯಿತು.

ಲಕ್ಷಣ: ಹಾಡು ತಡೆತಡೆದು ಬರುತ್ತದೆ

ಇಂಟರ್‌ನೆಟ್ ಪ್ಲಾನ್ ದೊಡ್ಡದು ಮಾಡಿಸಿದರೆ ಇದು ಹೋಗುವುದಿಲ್ಲ. ಹಾಡು ಹೋಗುತ್ತಿರುವುದು ಕೋಣೆಯಿಂದ ಹಾಲ್‌ಗೆ, ಇಂಟರ್‌ನೆಟ್ ಕಡಿದಿದ್ದರೂ ರೌಟರ್ ಆನ್ ಇದ್ದರೆ ಹೋಗಬೇಕು. ಅದಕ್ಕೆ ಬೇಕಾದ ವೇಗವೂ ಅತ್ಯಲ್ಪ: ಒಳ್ಳೆಯ ಎಂಪಿ3ಗೆ ಸೆಕೆಂಡಿಗೆ 0.32 ಮೆಗಾಬಿಟ್, ಸಿಡಿ ಗುಣಮಟ್ಟದ ವೇವ್ ಫೈಲಿಗೆ 1.4, 24 ಬಿಟ್ 96 ಕಿಲೋಹರ್ಟ್ಸ್‌ಗೆ ಸಂಕುಚಿಸದೆ 4.6. ಇಷ್ಟನ್ನೂ ಸಾಗಿಸಲಾಗದೆ ತಡೆಯುತ್ತಿದ್ದರೆ ವೈಫೈ ನಡುನಡುವೆ ಪೂರ್ತಿ ನಿಲ್ಲುತ್ತಿದೆ ಎಂದರ್ಥ.

ಯಾವಾಗ ತಡೆಯುತ್ತದೆ ಗಮನಿಸಿ. ಅಡುಗೆಮನೆಯಲ್ಲಿ ಮೈಕ್ರೊವೇವ್ ಓಡುವಾಗ ಎಂದಾದರೆ 2.4 ಗಿಗಾಹರ್ಟ್ಸ್ ಬಿಟ್ಟು 5ಕ್ಕೆ ಬನ್ನಿ. ಸಂಜೆ ಏಳರ ಮೇಲೆ ಎಂದಾದರೆ ಅಕ್ಕಪಕ್ಕದ ಮನೆಗಳ ವೈಫೈ, 2.4ರಲ್ಲಿ 1, 6, 11 ಈ ಮೂರರಲ್ಲಿ ಖಾಲಿ ಇರುವ ಚಾನೆಲ್ ಆರಿಸಿ. ಪ್ರತಿ ಸಲ ಮೊದಲ ಹಾಡಿನ ಶುರುವಿನಲ್ಲಿ ಮಾತ್ರ ಎಂದಾದರೆ ಹಾರ್ಡ್‌ಡಿಸ್ಕ್ ನಿದ್ದೆಯಿಂದ ಏಳುತ್ತಿದೆ, ಅದು ದೋಷವಲ್ಲ.

ಕಂಪ್ಯೂಟರ್, ಟಿವಿ ಎರಡೂ ವೈಫೈಯಲ್ಲಿದ್ದರೆ ಒಂದೇ ಹಾಡು ಗಾಳಿಯಲ್ಲಿ ಎರಡು ಸಲ ಹಾರುತ್ತದೆ, ಮೊದಲು ರೌಟರಿಗೆ, ಅಲ್ಲಿಂದ ಟಿವಿಗೆ. ಒಂದನ್ನಾದರೂ ಲ್ಯಾನ್ ಕೇಬಲಿನಲ್ಲಿ ಕಟ್ಟಿದರೆ ಅರ್ಧ ತೊಂದರೆ ಮುಗಿಯಿತು. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಸಲೀಸು. ಕೇಬಲನ್ನು ಮನೆಯ ಹೊರಗಿಂದ, ತಾರಸಿಯ ಮೇಲಿಂದ ಎಳೆಯಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ಅದೇ ದಾರಿಯಲ್ಲಿ ಒಳಗೆ ಬರುತ್ತದೆ.

ಸಂಗೀತ ಕಚೇರಿಯ ರೆಕಾರ್ಡಿಂಗಿನಲ್ಲಿ ತಾನ ಮುಗಿದು ಪಲ್ಲವಿ ಶುರುವಾಗುವ ಕಡೆ ಕ್ಷಣ ಹೊತ್ತು ಸದ್ದು ನಿಂತರೆ ಅದು ಬೇರೆ ವಿಷಯ. ಹೆಚ್ಚಿನ ಟಿವಿಗಳು ಒಂದು ಫೈಲ್ ಮುಗಿಸಿ, ಬಾಗಿಲು ಹಾಕಿ, ಇನ್ನೊಂದನ್ನು ತೆರೆಯುತ್ತವೆ. ಟಿವಿಯಲ್ಲಿ ಇದಕ್ಕೆ ಸೆಟ್ಟಿಂಗ್ ಹುಡುಕಿ ದಣಿಯಬೇಡಿ. ರಾಗ, ತಾನ, ಪಲ್ಲವಿಯನ್ನು ಒಂದೇ ಫೈಲಾಗಿ ಜೋಡಿಸಿ ಇಟ್ಟುಕೊಳ್ಳುವುದೇ ನೇರ ದಾರಿ.

ಲಕ್ಷಣ: ಹಾಡಿನ ಹೆಸರು ಡಬ್ಬಿ ಡಬ್ಬಿಯಾಗಿ ಕಾಣುತ್ತದೆ

ಖಾಲಿ ಚೌಕಗಳು ಬಂದರೆ ಟಿವಿಯಲ್ಲಿ ಕನ್ನಡ ಫಾಂಟ್ ಇಲ್ಲ. ಇದಕ್ಕೆ ನೀವು ಮಾಡಬಹುದಾದದ್ದು ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆಯುವುದು ಅಥವಾ ಟಿವಿಯನ್ನು ಬಿಟ್ಟು ಫೋನಿನಿಂದ ಹಾಡು ಆರಿಸುವುದು. ಚೌಕದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬಂದರೆ ಆ ಹೆಸರನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದಿದ್ದಾರೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಿ ಟ್ಯಾಗಿಗೆ (ಫೈಲಿನೊಳಗೆ ಹಾಡಿನ ವಿವರ ಬರೆದಿಡುವ ಜಾಗ) ಹಾಕಬೇಕು. ಕ್ರಮ 1, 10, 11, 2 ಎಂದು ಏರುಪೇರಾದರೆ 01, 02 ಎಂದು ಹೆಸರಿಡಿ.

ಲಕ್ಷಣ: ಹಾಡು ಟಿವಿಯಲ್ಲೇ ಕೇಳುತ್ತದೆ, ಹೋಮ್ ಥಿಯೇಟರಿನಲ್ಲಿ ಇಲ್ಲ

ಟಿವಿಯ ಸೌಂಡ್ ಔಟ್‌ಪುಟ್ ಬದಲಿಸಿ ನೋಡಿ. ಎಚ್‌ಡಿಎಂಐ ಕೇಬಲ್ ಎರಡೂ ಕಡೆ ‘ಎಆರ್‌ಸಿ’ (ಟಿವಿಯ ಸದ್ದನ್ನು ವಾಪಸ್ ಕಳಿಸುವ ದಾರಿ) ಎಂದು ಬರೆದ ಕಿಂಡಿಯಲ್ಲೇ ಇರಬೇಕು, ಸಾಮಾನ್ಯವಾಗಿ ಟಿವಿಯಲ್ಲಿ ಅಂಥದ್ದು ಒಂದೇ ಇರುತ್ತದೆ. ಸಿಇಸಿ (ಎಚ್‌ಡಿಎಂಐ ಮೂಲಕ ಸಾಧನಗಳು ಒಂದನ್ನೊಂದು ನಿಯಂತ್ರಿಸುವ ಆಯ್ಕೆ) ಆನ್ ಆಗಿರಬೇಕು, ಕಂಪನಿಗಳು ಅದಕ್ಕೆ ಅನಿನೆಟ್ ಪ್ಲಸ್, ಸಿಂಪ್ಲಿಂಕ್, ಬ್ರಾವಿಯಾ ಸಿಂಕ್ ಎಂದೆಲ್ಲ ತಮ್ಮದೇ ಹೆಸರಿಟ್ಟಿವೆ. ಎಲ್ಲ ಸರಿಯಿದ್ದೂ ಸದ್ದಿಲ್ಲವಾದರೆ ಡಿಜಿಟಲ್ ಔಟ್‌ಪುಟ್ಟನ್ನು ‘ಪಿಸಿಎಂ’ಗೆ (ಸಂಕುಚಿಸದ ಸದ್ದು) ಹಾಕಿ. ಆಗಲೂ ಇಲ್ಲವಾದರೆ ಎರಡರ ಪ್ಲಗ್ಗನ್ನೂ ಎರಡು ನಿಮಿಷ ಕಿತ್ತು ಮತ್ತೆ ಹಾಕಿ.

ಐದು ಸ್ಪೀಕರ್ ಇದ್ದೂ ಎರಡರಲ್ಲೇ ಹಾಡು ಬರುತ್ತಿದ್ದರೆ ಗಾಬರಿ ಬೇಡ. ಸ್ಟೀರಿಯೊ ಹಾಡಿನಲ್ಲಿ ಇರುವುದೇ ಎರಡು ಚಾನೆಲ್. ಎಲ್ಲದರಲ್ಲೂ ಬೇಕಿದ್ದರೆ ರಿಸೀವರಿನಲ್ಲಿ ‘ಆಲ್ ಚಾನೆಲ್ ಸ್ಟೀರಿಯೊ’ ಮೋಡ್ ಹುಡುಕಿ.

ರಿಸೀವರ್ ಆನ್ ಆಗಿ ‘ಪ್ರೊಟೆಕ್ಟ್’ ಎಂದು ತೋರಿಸಿ ಆರಿಹೋದರೆ ಪ್ಲಗ್ ಕಿತ್ತು, ಸ್ಪೀಕರ್ ತಂತಿಯ ಎಳೆಗಳು ಒಂದಕ್ಕೊಂದು ತಾಗಿವೆಯೇ ನೋಡಿ. ತಾಗಿಲ್ಲದಿದ್ದರೂ ಹಾಗೇ ಆದರೆ ಅಲ್ಲಿಗೆ ನಿಲ್ಲಿಸಿ ರಿಪೇರಿಯವರಿಗೆ ಕೊಡಿ. ಮುಚ್ಚಳ ತೆಗೆಯಬೇಡಿ, ಒಳಗಿನ ದೊಡ್ಡ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ವಿದ್ಯುತ್ ಹಿಡಿದಿಟ್ಟುಕೊಂಡಿರುತ್ತವೆ.

ಲಕ್ಷಣ: ಸ್ಪೀಕರಿನಲ್ಲಿ ಗುಂಯ್ ಸದ್ದು, ಮುಟ್ಟಿದರೆ ಜುಮ್

ಹಾಡು ನಿಲ್ಲಿಸಿದರೂ ಸಣ್ಣಗೆ ಗುಂಯ್ ಎನ್ನುವುದು ಹೆಚ್ಚಾಗಿ ಕರೆಂಟಿನ 50 ಹರ್ಟ್ಸ್ ಸದ್ದು. ಲ್ಯಾಪ್‌ಟಾಪನ್ನು ಆಡಿಯೊ ವೈರಿನಲ್ಲಿ ನೇರ ಜೋಡಿಸಿದ್ದರೆ ಅದರ ಚಾರ್ಜರ್ ಕಿತ್ತು ನೋಡಿ. ನಿಂತಿತೇ? ಇಲ್ಲವಾದರೆ ಡಿಶ್ ಅಥವಾ ಕೇಬಲ್ ಟಿವಿಯ ವೈರನ್ನು ಸೆಟ್‌ಟಾಪ್ ಬಾಕ್ಸಿನಿಂದ ಕಿತ್ತು ನೋಡಿ. ಎರಡರಲ್ಲಿ ಒಂದಕ್ಕೆ ನಿಂತರೆ ಅದು ಅರ್ಥ್ ಲೂಪ್, ಅಂದರೆ ಸಾಧನಗಳಿಗೆ ಒಂದಕ್ಕಿಂತ ಹೆಚ್ಚು ದಾರಿಯಿಂದ ಅರ್ಥ್ ಸಿಕ್ಕು ಸದ್ದು ಸುತ್ತುತ್ತಿದೆ. ಎಲ್ಲ ಪ್ಲಗ್ಗುಗಳನ್ನೂ ಅರ್ಥಿಂಗ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ, ಅಥವಾ ಟಿವಿಯಿಂದ ಹೋಮ್ ಥಿಯೇಟರಿಗೆ ಆಪ್ಟಿಕಲ್ ಕೇಬಲ್ ಹಾಕಿ. ಅದರಲ್ಲಿ ಹರಿಯುವುದು ಬೆಳಕು, ಹಾಗಾಗಿ ಗುಂಯ್ ದಾಟುವುದಿಲ್ಲ. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿದರೆ ಸದ್ದು ನಿಲ್ಲುತ್ತದೆ ಎಂದು ಯಾರಾದರೂ ಹೇಳಬಹುದು. ಸದ್ದು ನಿಲ್ಲಲೂಬಹುದು, ಆದರೆ ಜೀವ ಕಾಯುವ ತಂತಿ ಅದೇ.

ರಿಸೀವರಿನ ಲೋಹದ ಮೈ ಮುಟ್ಟಿದಾಗ ಕೈ ಜುಮ್ ಎಂದರೆ ವೈಫೈ, ಹಾಡು ಎಲ್ಲ ಬದಿಗಿಡಿ. ಸ್ವಿಚ್ ಆರಿಸಿ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ ಕರೆದು ಆ ಸಾಕೆಟ್ಟಿನ ಅರ್ಥಿಂಗ್ ಅಳೆಸಿ. ಅರ್ಥಿಂಗ್ ಸರಿಯಿದ್ದೂ ಜುಮ್ ನಿಲ್ಲದಿದ್ದರೆ ರಿಸೀವರ್ ಸರ್ವಿಸ್ ಸೆಂಟರಿಗೆ ಹೋಗಬೇಕು, ಅಲ್ಲಿಯವರೆಗೆ ಅದನ್ನು ಪ್ಲಗ್ಗಿಗೆ ಹಾಕಬೇಡಿ.